ಇಂಜಿನ್ನಿನ ಮುಖ

ನನ್ನ ಅವ್ವನ ಬಲಗೈಯಲ್ಲಿ ಹೆಬ್ಬೆರಳು ಬಿಟ್ಟರೆ ಬೇರೆ ಯಾವ ಬೆರಳಿಗೂ ಉಗುರಿಲ್ಲ. ಇಂಜಿನ್ನಿನ ಬೂದಿ ತಿಂದುಹಾಕಿದೆ. ಬೆರಳ ತುದಿಗಳು ಹುಣಸೆಬೀಜದ ಹಾಗೆ ನುಣುಪಾಗಿ, ಗಟ್ಟಿಯಾಗಿ, ಕಪ್ಪಗಿವೆ. ಅವಕ್ಕೆ ಬಿಸಿ ಯಾವುದು, ತಣ್ಣಗೆ ಯಾವುದು ತಿಳಿಯುವುದಿಲ್ಲ. ನನ್ನ ಕೂಸಿಗೆ ದಿನಾ ಎರೆಯುವವಳು ಅವಳೇ. ಎರೆಯುವ ಮೊದಲು ನನ್ನನ್ನು ಕೂಗುತ್ತಾಳೆ.

"ದುರ್ಗಿ, ನೀರು ಸುಡತಾವೇನ ನೋಡ."

ನಾನು ಒಲೆಯ ಉರಿ ಸಣ್ಣಗೆ ಮಾಡಿ ಹೋಗಿ ಬಕೆಟ್ಟಿನಲ್ಲಿ ಕೈ ಅದ್ದಿ ಹೇಳಬೇಕು. ಆಮೇಲೆ ಅವಳು ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ಅದೇ ಕೈಯಿಂದ ಎಣ್ಣೆ ತಿಕ್ಕುತ್ತಾಳೆ. ಕೂಸು ಅಳುವುದಿಲ್ಲ.

ಅವ್ವನ ಹೆಸರು ರುದ್ರವ್ವ. ನನ್ನ ಬಾಣಂತನಕ್ಕೆಂದು ಹುಬ್ಬಳ್ಳಿಯಿಂದ ಸಿಡ್ನಿಗೆ ಬಂದವಳು. ನಾವಿರುವುದು ಗಿರಾವೀನ್‌ನಲ್ಲಿ. ನನ್ನ ಗಂಡ ಯೋಗೀಶ ಪ್ಯಾರಾಮಟ್ಟಾದ ಒಂದು ಆಫೀಸಿನಲ್ಲಿದ್ದಾನೆ. ದೊಡ್ಡ ಮಗಳು ರಮಾ ಶಾಲೆಗೆ ಹೋಗುತ್ತಾಳೆ. ಊರಲ್ಲಿ ನಾನು ದುರ್ಗವ್ವ. ಇಲ್ಲಿ ದುರ್ಗಾ. ಇಲ್ಲಿನ ಕನ್ನಡದವರು ನನ್ನನ್ನು ಕೇಳಿದಾಗ ನಾನು ಹೇಳುತ್ತಿದ್ದದ್ದು ಒಂದೇ ಮಾತು: "ನಮ್ಮದು ರೈಲ್ವೆ ಫ್ಯಾಮಿಲಿ." ಸುಳ್ಳಲ್ಲ. ಅಪ್ಪ ಕರಿಯಪ್ಪ ಲೋಕೋ ಶೆಡ್ಡಿನಲ್ಲಿ ಕಸ ಹೊಡೆಯುತ್ತಿದ್ದ. ಅವ್ವ ಅದೇ ಶೆಡ್ಡಿನ ಬೂದಿ ಗುಂಡಿಯಲ್ಲಿ ದುಡಿಯುತ್ತಿದ್ದಳು.

ಬೂದಿ ಗುಂಡಿ ಎಂದರೆ ಹಳಿಗಳ ನಡುವೆ ಅಗೆದು ಕಲ್ಲು ಕಟ್ಟಿದ ಉದ್ದನೆಯ ತಗ್ಗು. ಓಡಿ ಬಂದ ಉಗಿ ಇಂಜಿನ್ನು ಅದರ ಮೇಲೆ ನಿಲ್ಲುತ್ತಿತ್ತು. ಇಂಜಿನ್ನಿಗೆ ಕಲ್ಲಿದ್ದಲು ಹಾಕುವ ಫೈರ್‌ಮನ್ ಮೇಲಿನಿಂದ ಬೆಂಕಿ ಕೆದರಿ ಕೆಳಕ್ಕೆ ಬೀಳಿಸುತ್ತಿದ್ದ. ಯಾರಾದರೂ ಒಂದು ಬಕೆಟ್ ನೀರು ಎಸೆಯುತ್ತಿದ್ದರು. ಭುಸ್ಸೆಂದು ಹಬೆ ಏಳುತ್ತಿತ್ತು. ಹಬೆ ಇಳಿಯುವ ಮೊದಲೇ ಹೆಂಗಸರು ಇಳಿಯಬೇಕು. ಅರೆಸುಟ್ಟ ಕಲ್ಲಿದ್ದಲನ್ನು ಬೂದಿಯಿಂದ ಆರಿಸಿ ಬುಟ್ಟಿ ತುಂಬಬೇಕು. ಬರಿಗೈಯಲ್ಲಿ. ಬುಟ್ಟಿ ಹೊತ್ತು ಮೇಲೆ ಬರಬೇಕು. ಮತ್ತೆ ಇಳಿಯಬೇಕು. ತಲೆಯ ಮೇಲೆ ಇಂಜಿನ್ನಿನ ಹೊಟ್ಟೆ. ಅದರಿಂದ ಕುದಿವ ನೀರು ತೊಟ್ಟಿಕ್ಕುತ್ತಿರುತ್ತದೆ. ಆರಿಸಿದ ಕಲ್ಲಿದ್ದಲು ಮತ್ತೆ ಉರಿಯುತ್ತದೆ, ಅದಕ್ಕೆ ಬೆಲೆಯಿತ್ತು. ಬೆರಳಿಗೆ ಇರಲಿಲ್ಲ. ಆ ಗುಂಡಿಗೆ ಇಳಿಯುತ್ತಿದ್ದವರು ನಮ್ಮ ಕೇರಿಯ ಹೆಂಗಸರು ಮಾತ್ರ. ನಾವು ಹೊಲೆಯರು. ಬೇರೆ ಯಾರೂ ಇಳಿಯಲಿಲ್ಲ. ಬೇರೆ ಯಾರನ್ನೂ ಗುತ್ತಿಗೆದಾರ ಕರೆಯಲೂ ಇಲ್ಲ.

ಇದನ್ನು ನಾನು ಇಲ್ಲಿ ಯಾರಿಗೂ ಹೇಳಿರಲಿಲ್ಲ.

ಇದು 2005. ಸಿಡ್ನಿಯಿಂದ ಪ್ಯಾರಾಮಟ್ಟಾಕ್ಕೆ ಮೊದಲ ರೈಲು ಓಡಿ ನೂರೈವತ್ತು ವರ್ಷವಾಗಿತ್ತು. ಶಾಲೆಯಲ್ಲಿ ರಮಾಳಿಗೆ ಉಗಿ ಇಂಜಿನ್ನಿನ ಪ್ರಾಜೆಕ್ಟ್ ಕೊಟ್ಟಿದ್ದರು. ಅವಳು ಅಡುಗೆಮನೆಯ ಮೇಜಿನ ಮೇಲೆ ರಾಕೆಟ್ ಎಂಬ ಹಳೆಯ ಇಂಜಿನ್ನಿನ ಚಿತ್ರ ಬರೆದಳು. ಸೀಳಿ ಒಳಗು ತೋರಿಸುವ ಚಿತ್ರ. ಬೆಂಕಿಗೆ ಕೆಂಪು, ನೀರಿಗೆ ನೀಲಿ. ಹಬೆ ಹೋಗುವ ದಾರಿಗೆ ಒಂದು ಬಾಣ, ಹೊಗೆ ಹೋಗುವ ದಾರಿಗೆ ಒಂದು ಬಾಣ.

ಅವ್ವ ಬೆಳ್ಳುಳ್ಳಿ ಸುಲಿಯುತ್ತ ನೋಡಿದಳು. "ಇದರ ಬೂದಿ ಎಲ್ಲೆ ಬೀಳತದ?"

ರಮಾ ಪುಸ್ತಕ ತಿರುವಿ ನೋಡಿದಳು. "ಇಟ್ಸ್ ನಾಟ್ ಇನ್ ದ ಬುಕ್, ಅಜ್ಜಿ."

"ಹಂಗಾರ ಉರೀತದ ಹ್ಯಾಂಗ?" ಎಂದು ಅವ್ವ ನಕ್ಕಳು.

ಅದೇ ವಾರ ಮಹಾಶ್ವೇತಾ ನಮ್ಮ ಮನೆಗೆ ಬಂದರು. ಇಲ್ಲಿನ ಕನ್ನಡದವರ ಹಬ್ಬಗಳೆಲ್ಲ ಅವರ ಉಸ್ತುವಾರಿ. ಈ ಸಲ ಆಯುಧ ಪೂಜೆಯನ್ನು ಊರಾಚೆಯ ಒಂದು ಉಗಿಬಂಡಿ ಮ್ಯೂಸಿಯಮ್ಮಿನಲ್ಲಿ ಮಾಡುವುದೆಂದು ಗೊತ್ತಾಗಿತ್ತು. ನಿಜವಾದ ಇಂಜಿನ್ನಿಗೆ ಪೂಜೆ. ಮೆಲ್ಬರ್ನ್‌ನಿಂದ ಒಬ್ಬ ರೈಲ್ವೆ ಇಂಜಿನಿಯರ್ ಬಂದು ಉಗಿಬಂಡಿ ಹುಟ್ಟಿದ ಕಥೆ ಹೇಳುತ್ತಾರೆ. ಐವರು ಮುತ್ತೈದೆಯರು ಇಂಜಿನ್ನಿಗೆ ಆರತಿ ಎತ್ತಬೇಕು.

"ನೀವು ಒಬ್ರು ಇರ್ಲೇಬೇಕು ದುರ್ಗಾ. ರೈಲ್ವೆ ಫ್ಯಾಮಿಲಿ ಬೇರೆ. ಮಡಿಲಲ್ಲಿ ಪಾಪು ಇರೋರು ಆರತಿ ಮಾಡಿದ್ರೆ ಇನ್ನೂ ಶುಭ ಕಣ್ರೀ."

ಅವರು ಕೂತಿದ್ದಷ್ಟು ಹೊತ್ತೂ ಅವ್ವ ಬಲಗೈಯನ್ನು ಸೆರಗಿನೊಳಗೆ ಇಟ್ಟುಕೊಂಡಿದ್ದಳು. ಬಚ್ಚಿಟ್ಟುಕೋ ಎಂದು ನಾನು ಹೇಳಿರಲಿಲ್ಲ. ಅವಳಿಗೇ ಗೊತ್ತಿತ್ತು.

ಪೂಜೆಯ ಹಿಂದಿನ ದಿನ ಪೆಂಡಲ್ ಹಿಲ್‌ಗೆ ಅಲ್ಲಿನ ಇಂಡಿಯನ್ ಅಂಗಡಿಯಿಂದ ಸಾಮಾನು ತರಲು ಹೋದೆವು. ನಾನು ಮೆಣಸಿನಕಾಯಿ ಆರಿಸುತ್ತಿದ್ದೆ. ಅವ್ವ ಕೂಸನ್ನು ಹೆಗಲಿಗೆ ಹಾಕಿಕೊಂಡು ಜೋಳದ ಹಿಟ್ಟಿನ ಚೀಲ ಒತ್ತಿ ನೋಡುತ್ತಿದ್ದಳು.

"ಏ ರುದ್ರೀ!"

ಅವ್ವ ತಿರುಗಿದ ರೀತಿ ನನ್ನ ಕಣ್ಣಿಂದ ಹೋಗುವುದಿಲ್ಲ. ಮುಖ ತಿರುಗುವ ಮೊದಲೇ ಬೆನ್ನು ಬಗ್ಗಿತು. ಸೆರಗು ತಲೆಗೆ ಬಂತು. ಕಾಲು ತಾನಾಗಿ ಹಿಂದಕ್ಕೆ ಸರಿದು ಅಕ್ಕಿ ಮೂಟೆಗೆ ತಾಗಿ ನಿಂತಿತು. ಅರವತ್ತು ದಾಟಿದ ಹೆಂಗಸು.

ಕರೆದವನಿಗೆ ಐವತ್ತು ಇರಬಹುದು. ಕ್ರಿಕೆಟ್ ಟೋಪಿ, ಚಡ್ಡಿ, ಮುಖದ ತುಂಬ ಸಂತೋಷ. "ನಾ ವಿರುಪಾಕ್ಷ. ಫೋರ್‌ಮನ್ ಚನ್ನಮಲ್ಲಪ್ಪನವರ ಮಗ. ಗುರ್ತ ಸಿಗಲಿಲ್ಲೇನ?"

"ಸಿಕ್ತರಿ, ಸಣ್ಣ ಧಣ್ಯಾರ."

"ನೀ ಇಲ್ಲಿ ಹ್ಯಾಂಗ ಬಂದಿ? ಯಾರ ಮನೀ ಕೆಲಸಕ್ಕ?"

"ಮಗಳ ಮನೀಗೆ ಬಂದೇನ್ರಿ."

ಅವನು ನನ್ನನ್ನು ನೋಡಿದ. ಅವನ ಹಿಂದೆ ಟ್ರಾಲಿ ತಳ್ಳಿಕೊಂಡು ಬರುತ್ತಿದ್ದವರು ಮಹಾಶ್ವೇತಾ. ಮೆಲ್ಬರ್ನ್‌ನ ಇಂಜಿನಿಯರ್ ಇವನೇ. ಪಾಯಿಂಟ್ ಕುಕ್‌ನಲ್ಲಿ ಮನೆ. ಇಲ್ಲಿ ಮಹಾಶ್ವೇತಾರ ಅತಿಥಿ.

"ಇಕಿ ನಮ್ಮಪ್ಪನ ಶೆಡ್ಡಿನ್ಯಾಗ ಬೂದಿ ಆರಸ್ತಿದ್ಲರಿ," ಎಂದ ಅವರಿಗೆ, ಅಂಗಡಿಗೆಲ್ಲ ಕೇಳುವ ಹಾಗೆ. "ನಾ ಸಣ್ಣಾಂವ ಇದ್ದಾಗಿಂದ ನೋಡೇನಿ. ಭಾಳ ನಿಯತ್ತಿನ ಮಂದಿ."

ಮಹಾಶ್ವೇತಾರ ಕೈ ಟ್ರಾಲಿಯ ಮೇಲೆ ನಿಂತಿತು. ಅವರ ಕಣ್ಣು ಅವ್ವನ ಕೈಗೆ ಹೋಯಿತು. ಅಲ್ಲಿಂದ ನನ್ನ ಮುಖಕ್ಕೆ ಬಂತು. ಅವರು ನಕ್ಕರು. ಅಂಥ ನಗು ನನಗೆ ಹೊಸದಲ್ಲ.

ಆಗ ನಾನು ಏನಾದರೂ ಹೇಳಬೇಕಿತ್ತು. ನಮ್ಮವ್ವನ ಹೆಸರು ರುದ್ರವ್ವ ಎನ್ನಬಹುದಿತ್ತು. ನನ್ನ ಬಾಯಿಂದ ಬಂದದ್ದು ಒಂದೇ ಮಾತು. "ಹಲೋ ಸರ್."

ಮೆಣಸಿನಕಾಯಿ ಅಲ್ಲೇ ಬಿಟ್ಟು ಹೊರಗೆ ಬಂದೆ. ಅವ್ವ ಹಿಂದಿನಿಂದ ಬಂದಳು.

ಸಂಜೆ ಬಟ್ಟೆ ಮಡಚುತ್ತಿದ್ದಾಗ ಫೋನ್ ಬಂತು.

"ದುರ್ಗಾ, ತಪ್ಪು ತಿಳ್ಕೋಬೇಡಿ ಪ್ಲೀಸ್. ಆರತಿಗೆ ನೀವು ಬೇಡ ಅನ್ಕೊಂಡ್ವಿ. ಚಿಕ್ಕ ಪಾಪು ಅಲ್ವಾ? ಹೊಗೆ, ಡಸ್ಟು. ಇನ್‌ಫೆಕ್ಷನ್ ಆಗ್ಬಿಟ್ರೆ?"

ಮೊನ್ನೆ ಶುಭವಾಗಿದ್ದ ಕೂಸು ಇವತ್ತು ಅಡ್ಡಿಯಾಗಿತ್ತು. ನಾನು "ಪರವಾಗಿಲ್ಲ" ಎಂದೆ.

"ಆದ್ರೆ ನೀವು ಬರ್ಲೇಬೇಕು. ವಿರುಪಾಕ್ಷ್ ಸರ್‌ಗೆ ಒಂದು ಬ್ರಿಲಿಯಂಟ್ ಐಡಿಯಾ ಬಂದಿದೆ. ಆ ಮ್ಯೂಸಿಯಮ್‌ನಲ್ಲೂ ಬೂದಿ ಗುಂಡಿ ಇದೆಯಂತೆ. ನಿಮ್ಮ ತಾಯಿ ಬುಟ್ಟಿ ಹಿಡ್ಕೊಂಡು ಅದ್ರಲ್ಲಿ ಇಳಿದು ಹೇಗೆ ಮಾಡ್ತಿದ್ರು ಅಂತ ತೋರಿಸ್ಬೇಕು. ಲೈವ್ ಹೆರಿಟೇಜ್ ಥರ. ಮಕ್ಕಳಿಗೆ ಎಷ್ಟು ಎಜುಕೇಷನಲ್ ಅಲ್ವಾ? ನಿಮ್ಮ ತಾಯಿಗೂ ಒಂದು ಗೌರವ ಮಾಡ್ದಂಗೆ ಆಗತ್ತೆ. ಬುಟ್ಟಿ ನಾವೇ ತರ್ತೀವಿ."

ಆರತಿ ಎತ್ತಲು ನಮ್ಮ ಕೈ ಬೇಡ. ಬೂದಿ ಎತ್ತಿ ತೋರಿಸಲು ಬೇಕು.

"ಅವ್ವನ್ನ ಕೇಳಿ ಹೇಳ್ತೀನಿ," ಎಂದೆ. ಇಲ್ಲ ಎನ್ನಲಿಲ್ಲ. ಕಾರಣ ನನಗೆ ಗೊತ್ತಿತ್ತು. ಇಲ್ಲ ಎಂದರೆ ನಾಳೆಯಿಂದ ಯಾರೂ ಕರೆಯುವುದಿಲ್ಲ. ರಮಾಳನ್ನು ಹುಟ್ಟುಹಬ್ಬಗಳಿಗೆ ಕರೆಯುವುದಿಲ್ಲ. ಬರಿಯ ಅಷ್ಟಕ್ಕೆ ನಾನು ಅವ್ವನನ್ನು ಕೇಳಲು ಹೋದೆ.

ಯೋಗೀಶ ಸಿಟ್ಟಾದ. "ಅವರ ಮನೀ ಅಜ್ಜೀನ ಇಳಸ್ಲಿ ಗುಂಡ್ಯಾಗ. ಹೋಗೋದ ಬ್ಯಾಡ."

ಅವ್ವ ಕೂಸಿನ ಲಂಗೋಟಿ ಮಡಚುತ್ತಿದ್ದಳು. ತಲೆ ಎತ್ತಲಿಲ್ಲ. "ಹೋಗೂಣು."

"ಅವ್ವಾ, ನಿನ್ನ ಗುಂಡ್ಯಾಗ ಇಳಸ್ತಾರ."

"ಅದನ್ನ ಅಲ್ಲಿ ನೋಡೂಣು. ನನಗ ಇಂಜಿನ್ನಿನ ಮುಖ ನೋಡಬೇಕಾಗೇದ."

ನನಗೆ ಅರ್ಥವಾಗಲಿಲ್ಲ. ಆಗ ಅವಳು ಹೇಳಿದಳು. ಹುಬ್ಬಳ್ಳಿಯ ಶೆಡ್ಡಿನಲ್ಲಿ ಆಯುಧ ಪೂಜೆಯ ಹಿಂದಿನ ದಿನ ಗುಂಡಿ ತೊಳೆಯುತ್ತಿದ್ದವರು ನಮ್ಮ ಕೇರಿಯ ಈ ಹೆಂಗಸರೇ. ಪೂಜೆಯ ದಿನ ಇಂಜಿನ್ನಿನ ಮುಖಕ್ಕೆ ಬಾಳೆಕಂಬ, ಚೆಂಡುಹೂ, ವಿಭೂತಿ. ಇವರು ಮಾತ್ರ ಕಲ್ಲಿದ್ದಲ ರಾಶಿಯ ಹಿಂದೆ ಕೂತಿರಬೇಕು. ಸಿಂಗಾರವಾದ ಇಂಜಿನ್ನಿನ ಎದುರಿಗೆ ಬರಬಾರದು. ಪೂಜೆ ಮುಗಿದ ಮೇಲೆ ಕರೆಯುತ್ತಿದ್ದರು. ಇವರು ಗುಂಡಿಯಲ್ಲಿ ಸಾಲಾಗಿ ನಿಲ್ಲಬೇಕು. ಮೇಲಿನಿಂದ ತೆಂಗಿನಕಾಯಿಯ ಚೂರು ಬೀಳುತ್ತಿತ್ತು.

"ಅದರ ಹೊಟ್ಟಿ ಕಂಡೇನಿ. ತೆಳಗಿನ ಒಂದೊಂದು ಮೊಳೀನೂ ಕಂಡೇನಿ. ಹೂ ಹಾಕಿದ ಮುಖ ಒಮ್ಮೆನೂ ಎದುರಿಗೆ ನಿಂತು ನೋಡಿಲ್ಲ."

ಮರುದಿನ ಬಿಸಿಲು ಚೆನ್ನಾಗಿತ್ತು. ಬೇಡ ಎಂದಿದ್ದ ಯೋಗೀಶನೇ ನಮ್ಮನ್ನು ಕಾರಿನಲ್ಲಿ ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋದ. ಸಣ್ಣ ಕಪ್ಪು ಇಂಜಿನ್ನು, ಹಿತ್ತಾಳೆಯೆಲ್ಲ ಉಜ್ಜಿ ಹೊಳೆಯುತ್ತಿತ್ತು. ಬೆಳಗ್ಗೆಯಿಂದ ಬೆಂಕಿ ಹಾಕಿದ್ದರು. ಮಂಗಳೂರಿನ ಸಿಲ್ವೆಸ್ಟರ್ ಎಂಬುವರು ಅಲ್ಲಿ ವಾರಕ್ಕೊಮ್ಮೆ ಸಂಬಳವಿಲ್ಲದೆ ಫೈರ್‌ಮನ್ ಕೆಲಸ ಮಾಡುತ್ತಾರೆ. ಹವ್ಯಾಸವಂತೆ. ಅವರಿಂದಲೇ ಪೂಜೆಗೆ ಅನುಮತಿ ಸಿಕ್ಕಿದ್ದು. ನಾವು ಹೋದಾಗ ಅವರು ಬೂದಿ ಕೆದರಿ, ಗುಂಡಿಯಿಂದ ಹತ್ತಿ ಮೇಲೆ ಬರುತ್ತಿದ್ದರು. ಕಾಲಿಗೆ ದಪ್ಪ ಬೂಟು. ಕೈಗೆ ಮೊಣಕೈವರೆಗಿನ ಚರ್ಮದ ಗ್ಲೋವ್ಸ್.

ಅವ್ವ ಗ್ಲೋವ್ಸನ್ನೇ ನೋಡುತ್ತಿದ್ದಳು.

"ಎಂತ ಅಜ್ಜಿ? ಬೇಕಾ? ಹಾಕಿ ನೋಡಿ ಮಾರಾಯ್ರೆ," ಎಂದು ಅವರು ಒಂದನ್ನು ಬಿಚ್ಚಿ ಕೊಟ್ಟರು.

ಅವ್ವ ಬಲಗೈ ಒಳಗೆ ಹಾಕಿದಳು. ಬೆರಳು ಮಡಚಿದಳು, ಬಿಡಿಸಿದಳು. "ಮೆತ್ತಗದ," ಎಂದಳು. ತೆಗೆದು ವಾಪಸು ಕೊಟ್ಟಳು. ನಾನು ಬೇರೆ ಕಡೆ ನೋಡಿದೆ.

ಪೂಜೆ ಶುರುವಾಯಿತು. ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟರು. ಯಾರೋ ವಿಭೂತಿ ಕಲಸಿಕೊಂಡು ಹೋಗಿ ಇಂಜಿನ್ನಿನ ಮುಂಭಾಗದ ದುಂಡು ಬಾಗಿಲಿಗೆ ಮೂರು ಪಟ್ಟೆ ಎಳೆಯಲು ಕೈ ಇಟ್ಟರು. ಅಯ್ಯೋ ಎಂದು ಕೈ ಒದರಿಕೊಂಡರು. ಒದ್ದೆ ವಿಭೂತಿ ಚುರ್ರೆಂದು ಒಣಗಿ ಹಕ್ಕಳೆಯಾಗಿ ಉದುರಿತು.

"ಬೆಂಕಿ ಉಂಟು ಅಂತ ನಾನು ಹೇಳ್ಲಿಲ್ವಾ?" ಎಂದರು ಸಿಲ್ವೆಸ್ಟರ್. ಸುಟ್ಟ ಬೆರಳಿಗೆ ಐಸ್ ತರಲು ನಾಲ್ಕು ಜನ ಓಡಿದರು. ಹೆಂಗಸರು ಆರತಿ ಎತ್ತಿದರು. ನನ್ನ ಜಾಗದಲ್ಲಿ ಬೇರೊಬ್ಬಳಿದ್ದಳು. ನಾನು ಕೂಸನ್ನು ಎತ್ತಿಕೊಂಡು ಹಿಂದೆ ನಿಂತಿದ್ದೆ. ಅವ್ವ ಮುಂದೆ ಹೋಗಲು ಹೊರಟಳು. ಮಹಾಶ್ವೇತಾ ಅವಳ ತೋಳು ಹಿಡಿದು ಮೆಲ್ಲಗೆ ಪಕ್ಕಕ್ಕೆ ತಂದರು. "ನಿಮ್ದು ಈ ಕಡೆ ಆಂಟಿ, ಗುಂಡಿ ಹತ್ರ."

ವಿರುಪಾಕ್ಷ ಮೈಕ್ ಹಿಡಿದು ಉಗಿಬಂಡಿಯ ಕಥೆ ಹೇಳಿದ. ಚೆನ್ನಾಗಿಯೇ ಹೇಳಿದ. ಇನ್ನೂರು ವರ್ಷದ ಹಿಂದೆ ವೇಲ್ಸ್‌ನ ಕಬ್ಬಿಣದ ಕಾರ್ಖಾನೆಯಲ್ಲಿ ಟ್ರೆವಿಥಿಕ್ ಮೊದಲ ಬಂಡಿ ಓಡಿಸಿದ್ದು. ಅದರ ಭಾರಕ್ಕೆ ಎರಕದ ಕಬ್ಬಿಣದ ಹಳಿಗಳು ಮುರಿದದ್ದು. ಆಮೇಲೆ ಬಂದ ರಾಕೆಟ್‌ನಲ್ಲಿ ಒಂದು ದೊಡ್ಡ ಕೊಳವೆಯ ಬದಲು ಹಲವು ಸಣ್ಣ ಕೊಳವೆ ಇಟ್ಟು ನೀರು ಬೇಗ ಕಾಯಿಸಿದ್ದು. ಕೆಲಸ ಮುಗಿಸಿದ ಹಬೆಯನ್ನೇ ಚಿಮಣಿಗೆ ಬಿಟ್ಟು, ಅದರ ಸೆಳೆತಕ್ಕೆ ಬೆಂಕಿ ಧಗಧಗ ಉರಿಯುವ ಹಾಗೆ ಮಾಡಿದ್ದು. ಮಕ್ಕಳು ಕೈತಟ್ಟಿದರು. ಮುರಿದ ಹಳಿಗಳ ಕಥೆ ಇನ್ನೂರು ವರ್ಷ ಉಳಿದು ಸಿಡ್ನಿಗೆ ಬಂದಿತ್ತು. ನಾನು ಅವ್ವನ ಕೈ ನೋಡಿದೆ. ಅದು ಸೆರಗಿನ ಹೊರಗೇ ಇತ್ತು.

"ಈಗ ನಿಮಗ ಒಂದು ಸರ್‌ಪ್ರೈಸ್," ಎಂದ ವಿರುಪಾಕ್ಷ. "ಈ ವಿದ್ಯಾ ನಮ್ಮ ಹುಬ್ಬಳ್ಳಿಗೆ ಬಂದಾಗ ಹ್ಯಾಂಗಿತ್ತು ಅಂತ ತೋರಸಾಕ ನಮ್ಮ ರುದ್ರಿ ಬಂದಾಳ. ಬಾ ರುದ್ರಿ. ನಾಚಬ್ಯಾಡ."

ಜನ ನಕ್ಕರು. ಕೆಟ್ಟ ನಗುವಲ್ಲ. ಹಬ್ಬದ ನಗು. ಮಹಾಶ್ವೇತಾ ಹೊಸ ಬೆತ್ತದ ಬುಟ್ಟಿ ತಂದು ಅವ್ವನ ಕೈಗೆ ಕೊಟ್ಟರು. ಅದರ ಹಿಡಿಗೆ ಕಟ್ಟಿದ್ದ ಕೆಂಪು ರಿಬ್ಬನ್ ಹಾಗೇ ಇತ್ತು. ಕ್ಯಾಮೆರಾಗಳು ಎದ್ದವು. ರಮಾ ಗೆಳತಿಯರ ನಡುವೆ ನಿಂತು ನೋಡುತ್ತಿದ್ದಳು.

"ಇಳಿ ರುದ್ರಿ. ಮೆಟ್ಲ ಅಲ್ಲಿ ಅದಾವು."

ಅವ್ವ ಗುಂಡಿಯ ಅಂಚಿಗೆ ಹೋದಳು. ಬಗ್ಗಿ ನೋಡಿದಳು. ಒದ್ದೆ ಬೂದಿಯಿಂದ ಸ್ವಲ್ಪ ಹಬೆ ಏಳುತ್ತಿತ್ತು. ಇಳಿದೇಬಿಡುತ್ತಾಳೆ ಅನ್ನಿಸಿತು. ಬೇಡ ಅನ್ನಬೇಕು ಅನ್ನಿಸಿತು. ಅನ್ನಲಿಲ್ಲ.

ಅವ್ವ ನೆಟ್ಟಗಾದಳು. ಬುಟ್ಟಿಯನ್ನು ವಿರುಪಾಕ್ಷನ ಎದೆಯ ಮುಂದೆ ಹಿಡಿದಳು.

"ನೀ ಇಳಿ," ಎಂದಳು. ಧಣಿ ಎನ್ನಲಿಲ್ಲ. ರೀ ಎನ್ನಲಿಲ್ಲ. "ಮ್ಯಾಲಿಂದ ಹ್ಯಾಂಗ ಕಾಣತದ ನಾ ಒಮ್ಮೆ ನೋಡತೇನಿ."

ಮೈಕ್ ಅವನ ಕೈಯಲ್ಲೇ ಇತ್ತು. ಮಾತು ಎಲ್ಲರಿಗೂ ಕೇಳಿತು. ಅವನು ನಗಲು ನೋಡಿದ. "ಜೋಕ್ ಮಾಡತಾಳ. ಅಲ್ಲಬೇ, ನಮ್ಮಪ್ಪ ನಿಮಗ ಎಷ್ಟು ಛಲೋ ನೋಡಕೊಂಡಾನ. ಪೂಜಿ ದಿನ ಪ್ರಸಾದ ಕೊಡತಿದ್ದಿಲ್ಲೇನ?"

"ಕೊಡತಿದ್ದಿಲ್ಲ. ಒಗೀತಿದ್ದ. ಬೂದ್ಯಾಗ ಬಿದ್ದದ್ದು ಊದಿ ತಿಂತಿದ್ವಿ. ನೀನೂ ಒಗದಿ. ಸಣ್ಣಾಂವ ಇದ್ದಿ, ಗುರಿ ಇಟ್ಟು ಒಗೀತಿದ್ದಿ. ನನ್ನ ತಲೀಗೆ ಬಿದ್ರ ಕೇಕಿ ಹಾಕತಿದ್ದಿ."

ಯಾರೂ ನಗಲಿಲ್ಲ. ವಿರುಪಾಕ್ಷನ ಮುಖ ಕೆಂಪಾಯಿತು. ಅವನು ನನ್ನ ಕಡೆ ತಿರುಗಿದ. ಅವ್ವನಿಗೆ ಇದ್ದ ಏಕವಚನ ನನಗೂ ಬಂತು.

"ಏನವಾ, ನಿಮ್ಮವ್ವಗ ಸ್ವಲ್ಪ ತಿಳಿಸಿ ಹೇಳ. ಮಂದಿ ಮುಂದ ಹಿಂಗೇನ?"

ಎಲ್ಲರೂ ನನ್ನನ್ನು ನೋಡಿದರು. ಅವ್ವನೂ ನೋಡಿದಳು. ಅವಳ ಕೈ ಚಾಚಿಯೇ ಇತ್ತು, ಬುಟ್ಟಿಯ ಸಮೇತ. ನಾನು ನನ್ನ ಕಾಲು ನೋಡಿಕೊಂಡೆ. ಹೊಸ ಚಪ್ಪಲಿ ಹಾಕಿದ್ದೆ. ಅದರ ಬಕಲ್ ನೋಡುತ್ತ ನಿಂತೆ. ಮಹಾಶ್ವೇತಾ ನನ್ನ ಕಿವಿಯ ಹತ್ತಿರ ಬಂದು, "ಒಂದು ಫೋಟೋ ಅಷ್ಟೇ ಕಣ್ರೀ ದುರ್ಗಾ, ಇಶ್ಯೂ ಮಾಡ್ಬೇಡಿ," ಎಂದರು.

ಕೂಸು ಅತ್ತಿತು. ಎಷ್ಟು ಬಿಗಿಯಾಗಿ ಹಿಡಿದಿದ್ದೆನೋ.

ನಾನು ಹೋಗಿ ಕೂಸನ್ನು ಅವ್ವನ ಕೈಗೆ ಕೊಟ್ಟೆ. ಬುಟ್ಟಿಯನ್ನು ನಾನು ತೆಗೆದುಕೊಂಡೆ. ಗುಂಡಿಗೆ ಒಗೆದೆ. ಅದು ಮಗುಚಿ ಬಿತ್ತು. ಬೂದಿ ಎದ್ದು ರಿಬ್ಬನ್ನಿನ ಮೇಲೆ ಕೂತಿತು.

"ಬೇಕಾದವ್ರು ಇಳದು ತಗೋರಿ," ಎಂದೆ. "ಇಕಿ ಹೆಸರು ರುದ್ರವ್ವ. ನಾ ದುರ್ಗವ್ವ. ನಾವು ಹೊಲ್ಯಾರು. ಇನ್ನ ಮ್ಯಾಲೆ ಕೇಳೂದ ಬ್ಯಾಡ, ಹೇಳೇನಿ."

ಧ್ವನಿ ಗಟ್ಟಿಯಾಗಿ ಬರಲಿಲ್ಲ. ಕೀರಲಾಗಿ ಬಂತು. ಯಾರೂ ಇಳಿಯಲಿಲ್ಲ. ಬುಟ್ಟಿ ಅಲ್ಲೇ ಬಿದ್ದಿತ್ತು. ಒಬ್ಬ ಹೆಂಗಸು ತನ್ನ ಮಗನನ್ನು ರಮಾಳ ಪಕ್ಕದಿಂದ ಎಳೆದುಕೊಂಡಳು. ಅದನ್ನು ರಮಾ ನೋಡಿದಳು. ನಾನೂ ನೋಡಿದೆ. ಮೊದಲ ದಿನದಿಂದ ಹೆದರಿದ್ದು ಇದಕ್ಕೇ. ಇಷ್ಟೇ ಇತ್ತು ಅದು.

ಅವ್ವ ಕೂಸನ್ನು ಹೆಗಲಿಗೆ ಹಾಕಿಕೊಂಡು ಇಂಜಿನ್ನಿನ ಮುಂಭಾಗಕ್ಕೆ ನಡೆದಳು. ಆರತಿ ಎತ್ತಿದ ಹೆಂಗಸರು ಸರಿದರು. ಅವಳು ಎದುರಿಗೆ ನಿಂತಳು. ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಚೆಂಡುಹೂವಿನ ಮಾಲೆ ಬಿಸಿಗೆ ಬಾಡಿ ಜೋತುಬಿದ್ದಿತ್ತು. ಕುಂಕುಮ ಕರಗಿ ಇಳಿದಿತ್ತು. ಉದುರಿದ ವಿಭೂತಿಯ ಕಲೆ ಉಳಿದಿತ್ತು.

"ಇಷ್ಟ ಏನ?" ಎಂದಳು ಅವ್ವ. "ಇದಕ್ಕ ನಮ್ಮನ್ನ ದೂರ ಇಟ್ಟಿದ್ರು?"

ಕಾರಿನಲ್ಲಿ ಮನೆಗೆ ಹೊರಟೆವು. ಯೋಗೀಶ ಒಂದು ಸಲ ನನ್ನ ಭುಜ ಮುಟ್ಟಿದ. ಹೆಮ್ಮೆಯಿಂದ ಮುಟ್ಟಿದ ಎಂದು ತಿಳಿಯಿತು. ನನಗೂ ಒಳಗೊಳಗೆ ಸ್ವಲ್ಪ ಹಾಗೆ ಅನ್ನಿಸತೊಡಗಿತ್ತು. ಹಿಂದಿನ ಸೀಟಿನಿಂದ ಅವ್ವ ಕೇಳಿದಳು. ಸಿಟ್ಟಿನಿಂದಲ್ಲ. ಉಪ್ಪು ಹಾಕಿದಿಯೇನ ಎಂದು ಕೇಳುವ ಹಾಗೆ.

"ಬುಟ್ಟಿ ಒಗಿಯೂದು ಒಗದಿ, ಛಲೋ ಆತು. ಅಷ್ಟು ತಡಾ ಯಾಕ ಮಾಡಿದಿ?"

  

ಅಂದಿನಿಂದ ಫೋನ್ ಬರುವುದು ನಿಂತಿದೆ. ರಮಾ ತನ್ನ ಚಿತ್ರದಲ್ಲಿ ರಾಕೆಟ್‌ನ ಕೆಳಗೆ ಒಂದು ಬಾಣ ಸೇರಿಸಿ ಶಾಲೆಗೆ ಕೊಟ್ಟಳು. ಅವ್ವನ ವೀಸಾ ಮುಗಿಯುತ್ತ ಬಂದಿದೆ. ಇವತ್ತು ಬೆಳಗ್ಗೆ ನಾನು ಬೇಳೆಗೆ ಒಗ್ಗರಣೆ ಹಾಕುತ್ತಿದ್ದೆ. ಬಚ್ಚಲಿನಿಂದ ಕೂಗಿದಳು.

"ದುರ್ಗಿ, ನೀರು ಸುಡತಾವೇನ ನೋಡ."

ಹೋದೆ. ಕೂಸು ಅವಳ ಕಾಲ ಮೇಲೆ ಮಲಗಿ ಅವಳ ಬೆರಳು ಹಿಡಿದು ಬಾಯಿಗೆ ಒಯ್ಯುತ್ತಿತ್ತು. ನಾನು ಬಕೆಟ್ಟಿನಲ್ಲಿ ಕೈ ಅದ್ದಿದೆ. ನೀರು ಸುಡುತ್ತಿತ್ತು. ಅದು ಥಟ್ಟನೆ ಗೊತ್ತಾಯಿತು, ತಡವಾಗಲಿಲ್ಲ. ನನ್ನ ಬೆರಳಿಗೆಲ್ಲ ಉಗುರಿದೆ.